ಶಾಲೆಯ ಅಂಕಿಅಂಶ: ತಪ್ಪು ಕಲ್ಪನೆ ಮತ್ತು ಸತ್ಯ

ಶಾಲೆಗಳಲ್ಲಿ ಅಂಕಿಅಂಶಕ್ಕೆ ಬರವಿಲ್ಲ. ಹಾಜರಿ ಪುಸ್ತಕ, ಅಂಕವಹಿ, ದಾಖಲಾತಿ ವಹಿ, ಬಿಸಿಯೂಟದ ಲೆಕ್ಕ ಇವೆಲ್ಲ ನಿತ್ಯವೂ ತುಂಬುತ್ತಲೇ ಇರುತ್ತವೆ; ಕರ್ನಾಟಕದಲ್ಲಿ ಸ್ಯಾಟ್ಸ್ ಎಂಬ ರಾಜ್ಯದ ತಂತ್ರಾಂಶಕ್ಕೂ ಯುಡೈಸ್ ಪ್ಲಸ್ ಎಂಬ ರಾಷ್ಟ್ರಮಟ್ಟದ ಶಾಲಾ ಮಾಹಿತಿ ವ್ಯವಸ್ಥೆಗೂ ಶಾಲೆಗಳು ಮಾಹಿತಿ ತುಂಬುತ್ತವೆ. ಆದರೆ ಮೇಲಿನ ಕಚೇರಿಗೆ ಒಪ್ಪಿಸಲು ಬರೆದ ಅಂಕಿ ಬೇರೆ, ಶಿಕ್ಷಕರು ಒಟ್ಟಾಗಿ ಕುಳಿತು ತಮ್ಮದೇ ಶಾಲೆಯ ತೊಡಕೊಂದನ್ನು ಬಿಡಿಸಲು ಓದುವ ಅಂಕಿ ಬೇರೆ. ಈ ಎರಡರ ನಡುವಿನ ಅಂತರವನ್ನು ಗಮನಿಸದಿರುವುದರಿಂದಲೇ ಶಾಲಾ ಅಂಕಿಅಂಶದ ಬಗ್ಗೆ ಹಲವು ತಪ್ಪು ಕಲ್ಪನೆಗಳು ಬೇರೂರಿವೆ.

ತಪ್ಪು ಕಲ್ಪನೆ 1: ಸರಾಸರಿ ಹಾಜರಾತಿ ಚೆನ್ನಾಗಿದ್ದರೆ ಗೈರುಹಾಜರಿಯ ಸಮಸ್ಯೆ ಇಲ್ಲ.

ಸತ್ಯ: ಸರಾಸರಿಯು ಶಾಲೆಯ ಒಟ್ಟು ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಯಾವ ಮಗುವಿನ ಸ್ಥಿತಿಯನ್ನೂ ಹೇಳುವುದಿಲ್ಲ. ತಲಾ 100 ಮಕ್ಕಳಿರುವ ಎರಡು ಶಾಲೆಗಳು 220 ದಿನ ನಡೆದು, ಎರಡರಲ್ಲಿಯೂ ಹಾಜರಾತಿ ಶೇ. 90 ಇದೆ ಎಂದು ಭಾವಿಸಬಹುದು. ಮೊದಲನೆಯದರಲ್ಲಿ ಪ್ರತಿ ಮಗುವೂ 22 ದಿನ ತಪ್ಪಿಸಿಕೊಂಡಿರಬಹುದು. ಎರಡನೆಯದರಲ್ಲಿ 80 ಮಕ್ಕಳು ಒಂದು ದಿನವೂ ತಪ್ಪಿಸದೆ, ಉಳಿದ 20 ಮಕ್ಕಳು ತಲಾ 110 ದಿನ ಬಾರದೇ ಇರಬಹುದು. ಮೊದಲನೆಯ ಶಾಲೆಯ ಸಮಸ್ಯೆ ಸುಗ್ಗಿ, ಜಾತ್ರೆ, ಬಸ್ಸಿನ ವೇಳೆಯಂತಹ ಇಡೀ ಊರಿಗೆ ಸಂಬಂಧಿಸಿದ ಕಾರಣಗಳಲ್ಲಿರುವ ಸಾಧ್ಯತೆ ಹೆಚ್ಚು. ಎರಡನೆಯದರ ಸಮಸ್ಯೆಯನ್ನು 20 ಮನೆಗಳಲ್ಲಿ ಹುಡುಕಬೇಕಾಗುತ್ತದೆ. ಶಾಲಾ ದಿನಗಳ ಶೇ. 10 ಅಥವಾ ಅದಕ್ಕಿಂತ ಹೆಚ್ಚು ದಿನ ತಪ್ಪಿಸಿಕೊಳ್ಳುವುದನ್ನು ಅಮೆರಿಕದ ಶಾಲೆಗಳು ದೀರ್ಘಕಾಲಿಕ ಗೈರುಹಾಜರಿ ಎಂದು ಪ್ರತ್ಯೇಕವಾಗಿ ಎಣಿಸುವುದು ಇದೇ ಕಾರಣಕ್ಕಾಗಿ.

ಸಣ್ಣ ಶಾಲೆಗಳಲ್ಲಿ ಶೇಕಡಾವಾರು ಲೆಕ್ಕವೂ ದಾರಿ ತಪ್ಪಿಸುತ್ತದೆ. ಎಂಟು ಮಕ್ಕಳ ತರಗತಿಯಲ್ಲಿ ಒಂದು ಮಗು ಅನುತ್ತೀರ್ಣವಾದರೆ ಫಲಿತಾಂಶ 12.5 ಅಂಶ ಇಳಿಯುತ್ತದೆ. ಅದನ್ನು ಬೋಧನೆಯ ಕುಸಿತವೆಂದು ಓದುವುದಕ್ಕಿಂತ ಆ ಒಂದು ಮಗುವಿನ ಹೆಸರನ್ನು ಓದುವುದು ಹೆಚ್ಚು ಉಪಯುಕ್ತ.

ತಪ್ಪು ಕಲ್ಪನೆ 2: ಪರೀಕ್ಷೆಯ ಅಂಕಗಳೇ ಮುಖ್ಯ ಅಂಕಿಅಂಶ.

ಸತ್ಯ: ಷಿಕಾಗೋ ನಗರದ ಸಾರ್ವಜನಿಕ ಶಾಲೆಗಳ ಅನುಭವ ಈ ನಂಬಿಕೆಯನ್ನು ಅಲುಗಿಸಿತು. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರಾದ ಇಲೇನ್ ಆಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ 2005ರಲ್ಲಿ ಪ್ರಕಟಿಸಿದ ವರದಿಯು 9ನೇ ತರಗತಿಯ ಮಕ್ಕಳನ್ನು ಒಂದು ಸರಳ ಅಳತೆಗೋಲಿನಿಂದ ನೋಡಿತು. ವರ್ಷದ ಕೊನೆಗೆ ಮುಂದಿನ ತರಗತಿಗೆ ಬೇಕಾದಷ್ಟು ಕ್ರೆಡಿಟ್‌ಗಳನ್ನು ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರ್‌ಗಿಂತ ಹೆಚ್ಚು ಅನುತ್ತೀರ್ಣರಾಗದ ಮಕ್ಕಳು ಸರಿದಾರಿಯಲ್ಲಿದ್ದಾರೆ ಎಂಬುದು ಆ ಅಳತೆಗೋಲು. ಹಾಗೆ ಸರಿದಾರಿಯಲ್ಲಿದ್ದ ಮಕ್ಕಳು ನಾಲ್ಕು ವರ್ಷಗಳಲ್ಲಿ ಪ್ರೌಢಶಿಕ್ಷಣ ಮುಗಿಸುವ ಸಾಧ್ಯತೆ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚಾಗಿತ್ತು. ಹಿಂದಿನ ಪರೀಕ್ಷೆಗಳ ಅಂಕಗಳಿಗಿಂತ ಈ ಸೂಚಕವೇ ಮುಂದಿನದನ್ನು ಚೆನ್ನಾಗಿ ತಿಳಿಸಿತು. ತರಗತಿಯಲ್ಲಿ ಅನುತ್ತೀರ್ಣರಾಗುವುದಕ್ಕೆ ಹಳೆಯ ಅಂಕಗಳಿಗಿಂತ ಹಾಜರಾತಿಯ ನಂಟು ಬಹಳ ಬಿಗಿಯಾಗಿದೆ ಎಂಬುದನ್ನು 2007ರ ಮುಂದುವರಿದ ಅಧ್ಯಯನ ತೋರಿಸಿತು. ಮಗು ಹಿಂದೆ ಪಡೆದ ಅಂಕವನ್ನು ಶಿಕ್ಷಕರು ಬದಲಿಸಲಾರರು, ಆದರೆ ಈ ವಾರದ ಗೈರುಹಾಜರಿಯ ವಿಷಯದಲ್ಲಿ ಅವರು ಏನಾದರೂ ಮಾಡಬಲ್ಲರು; ಈ ಸೂಚಕದ ನಿಜವಾದ ಬೆಲೆ ಇರುವುದು ಅಲ್ಲಿ.

ತಪ್ಪು ಕಲ್ಪನೆ 3: ಅಪಾಯದ ಪಟ್ಟಿಯಲ್ಲಿ ಹೆಸರು ಬಂದರೆ ಮಗುವಿನ ಭವಿಷ್ಯ ನಿರ್ಧಾರವಾದಂತೆ.

ಸತ್ಯ: ಮುನ್ಸೂಚನೆಯನ್ನು ಮಾಡುವುದೇ ಅದನ್ನು ಸುಳ್ಳಾಗಿಸುವ ಉದ್ದೇಶದಿಂದ. ಷಿಕಾಗೋದ ಶಾಲೆಗಳಿಗೆ ಯಾವ ಮಕ್ಕಳಿಗೆ ಆಸರೆ ಬೇಕು ಎಂಬ ಪಟ್ಟಿಗಳು ವರ್ಷದ ನಡುವೆಯೇ ತಲುಪತೊಡಗಿದಾಗ, ಶಿಕ್ಷಕರ ತಂಡಗಳು ಮಕ್ಕಳ ಹೆಸರು ಹಿಡಿದು ಚರ್ಚಿಸಲು, ಮನೆಗೆ ಕರೆಮಾಡಲು, ಉಳಿದುಹೋದ ಕೆಲಸವನ್ನು ಮುಗಿಸಿಕೊಡಲು ಸಮಯ ಸಿಕ್ಕಿತು. 2007ರಲ್ಲಿ ಶೇ. 57ರಷ್ಟಿದ್ದ ಸರಿದಾರಿಯ ಪ್ರಮಾಣ 2013ರ ಹೊತ್ತಿಗೆ ಶೇ. 82ಕ್ಕೆ ಏರಿತು. ಶಾಲೆ ಬಿಟ್ಟ ನಂತರ ಸಿಗುವ ಅಂಕಿಯು ಶೋಕಪತ್ರವಷ್ಟೇ ಆಗಬಲ್ಲದು. ಬಿಡುವ ಮೊದಲೇ ಸಿಗುವ ಅಂಕಿ ಮಾತ್ರ ಕೆಲಸಕ್ಕೆ ಬರುತ್ತದೆ.

ತಪ್ಪು ಕಲ್ಪನೆ 4: ಅಂಕಿಅಂಶಗಳೇ ಕಾರಣವನ್ನು ಹೇಳುತ್ತವೆ.

ಸತ್ಯ: ಅಂಕಿಯು ಎಲ್ಲಿ ನೋಡಬೇಕೆಂಬುದನ್ನು ತೋರಿಸುತ್ತದೆ, ಏಕೆ ಹಾಗಾಯಿತು ಎಂಬುದನ್ನು ತಂಡವೇ ವಿಚಾರಿಸಿ ತಿಳಿಯಬೇಕು. ಅಮೆರಿಕದ ಆರೆಗನ್ ವಿಶ್ವವಿದ್ಯಾಲಯದ ಸಂಶೋಧಕರು ಇತರರೊಡಗೂಡಿ ಶಾಲಾ ತಂಡಗಳಿಗಾಗಿ ರೂಪಿಸಿದ, ಟಿಪ್ಸ್ ಎಂಬ ಕಿರುಹೆಸರಿನ ಸಮಸ್ಯಾಪರಿಹಾರ ಕ್ರಮದಲ್ಲಿ ನಿಖರ ಸಮಸ್ಯಾ ಹೇಳಿಕೆಗೆ ಮೊದಲ ಸ್ಥಾನವಿದೆ; ಅಂದರೆ ಏನು, ಎಲ್ಲಿ, ಯಾವಾಗ, ಯಾರು, ಏಕೆ ಎಂಬ ಐದು ಪ್ರಶ್ನೆಗಳಿಗೂ ಉತ್ತರವಿರುವ ಹೇಳಿಕೆ. ‘ಮಕ್ಕಳಲ್ಲಿ ಶಿಸ್ತು ಕೆಟ್ಟಿದೆ’ ಎಂಬುದು ದೂರು. ‘ಮಧ್ಯಾಹ್ನದ ಊಟಕ್ಕೆ ಮುಂಚೆ, ಕೈತೊಳೆಯುವ ಜಾಗದಲ್ಲಿ, ನಲ್ಲಿಗಳು ಎರಡೇ ಇರುವುದರಿಂದ, 5 ಮತ್ತು 6ನೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ’ ಎಂಬುದು ಪರಿಹಾರದ ಜಾಡು ತೋರುವ ಹೇಳಿಕೆ. ಮೊದಲನೆಯದಕ್ಕೆ ಉತ್ತರವಾಗಿ ಪ್ರಾರ್ಥನೆಯ ವೇಳೆ ಉಪದೇಶ ನಡೆಯುತ್ತದೆ, ಎರಡನೆಯದಕ್ಕೆ ಒಂದು ತರಗತಿಯನ್ನು ಐದು ನಿಮಿಷ ಮೊದಲು ಬಿಟ್ಟರೆ ಸಾಕಾಗಬಹುದು.

ತಪ್ಪು ಕಲ್ಪನೆ 5: ಅಂಕಿಅಂಶವಿರುವುದು ಶಿಕ್ಷಕರನ್ನು ಅಳೆದು ಶಿಕ್ಷಿಸಲು.

ಸತ್ಯ: ಹಾಗೆ ಬಳಸಿದರೆ ಅಂಕಿಯೇ ಕೆಡುತ್ತದೆ. ಯಾವುದೇ ಅಳತೆಯ ಮೇಲೆ ಹೆಚ್ಚಿನ ನಿರ್ಧಾರಗಳು ನಿಂತಷ್ಟೂ ಅದು ಭ್ರಷ್ಟಗೊಳ್ಳುವ ಒತ್ತಡ ಹೆಚ್ಚುತ್ತದೆ ಎಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದರು. ಅಟ್ಲಾಂಟಾ ನಗರದ ಶಾಲೆಗಳಲ್ಲಿ ಪರೀಕ್ಷೆಯ ಗುರಿ ಮುಟ್ಟಿಸುವ ಒತ್ತಡದಡಿ ಉತ್ತರಪತ್ರಿಕೆಗಳನ್ನೇ ತಿದ್ದಲಾಗಿತ್ತು. ಜಾರ್ಜಿಯಾ ರಾಜ್ಯದ ತನಿಖಾಧಿಕಾರಿಗಳು 2011ರಲ್ಲಿ 44 ಶಾಲೆಗಳ 178 ಶಿಕ್ಷಕರು ಮತ್ತು ಪ್ರಾಂಶುಪಾಲರ ಕೈವಾಡವನ್ನು ವರದಿ ಮಾಡಿದರು. ತಿದ್ದಿದ ಅಂಕಗಳಿಂದಾಗಿ, ನೆರವು ಬೇಕಿದ್ದ ಮಕ್ಕಳು ಕಲಿತವರಂತೆ ಕಂಡರು, ಅವರಿಗೆ ಸಿಗಬೇಕಿದ್ದ ನೆರವು ತಪ್ಪಿತು. ತಪ್ಪನ್ನು ಬಚ್ಚಿಡಬೇಕಾಗದ ಸಭೆಯಲ್ಲಿ ಮಾತ್ರ ನಿಜವಾದ ಅಂಕಿ ಮೇಜಿನ ಮೇಲೆ ಬರುತ್ತದೆ.

ತಪ್ಪು ಕಲ್ಪನೆ 6: ಒಳ್ಳೆಯ ತಂತ್ರಾಂಶ ಮತ್ತು ಒಳ್ಳೆಯ ಯೋಜನೆ ಇದ್ದರೆ ಸಾಕು.

ಸತ್ಯ: ಒಂದು ಹಾಳೆಯ ಮೇಲೆ ಕೈಯಿಂದ ಎಳೆದ ನಕ್ಷೆಯೂ ತಂಡಕ್ಕೆ ಸಾಕಾಗಬಹುದು, ಸಾಲದೆ ಬರುವುದು ಸಾಮಾನ್ಯವಾಗಿ ಸಭೆಯ ಶಿಸ್ತು. ಸಭೆ ನಡೆಸುವವರು, ನಡಾವಳಿ ಬರೆಯುವವರು, ಸಭೆಗೆ ಮೊದಲೇ ಅಂಕಿಗಳನ್ನು ಪರಿಶೀಲಿಸಿ ಸಾರಾಂಶ ತರುವವರು ಎಂದು ಟಿಪ್ಸ್ ಕ್ರಮದಲ್ಲಿ ಹೊಣೆ ಹಂಚಿರುವುದು ಇದೇ ಉದ್ದೇಶಕ್ಕೆ. ಮುಂದಿನ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು: ಒಪ್ಪಿಕೊಂಡ ಕೆಲಸ ಒಪ್ಪಿಕೊಂಡಂತೆಯೇ ನಡೆಯಿತೇ, ನಡೆದಿದ್ದರೆ ಅಂಕಿ ಬದಲಾಯಿತೇ. ಮೊದಲ ಪ್ರಶ್ನೆಯನ್ನು ಬಿಟ್ಟು ಎರಡನೆಯದನ್ನಷ್ಟೇ ಕೇಳುವ ತಂಡವು ಎಂದೂ ಜಾರಿಯಾಗದ ಉಪಾಯವನ್ನು ವಿಫಲವೆಂದು ಕೈಬಿಡುತ್ತದೆ.

ಕರ್ನಾಟಕದಲ್ಲಿ ಇಂತಹ ತಂಡವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಸರ್ಕಾರಿ ಶಾಲೆಗಳಲ್ಲಿ ಪೋಷಕರನ್ನೊಳಗೊಂಡ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವ ಹೊಣೆಯನ್ನು ಇಂತಹ ಶಾಲಾ ನಿರ್ವಹಣಾ ಸಮಿತಿಗೇ ವಹಿಸುತ್ತದೆ. ಹಾಜರಿ ಪುಸ್ತಕ ಹೇಳದ ಕಾರಣಗಳು ಪೋಷಕರಿಗೆ ತಿಳಿದಿರುತ್ತವೆ, ಪೋಷಕರಿಗೆ ಕಾಣದ ಒಟ್ಟು ಚಿತ್ರ ಹಾಜರಿ ಪುಸ್ತಕದಲ್ಲಿರುತ್ತದೆ. ಆದ್ದರಿಂದ ಸಮಿತಿಯ ಸಭೆಯು ಕಟ್ಟಡದ ದುರಸ್ತಿ ಮತ್ತು ಅನುದಾನದ ಚರ್ಚೆಗೇ ಮುಗಿಯದೆ, ಆ ತಿಂಗಳು ಹೆಚ್ಚು ದಿನ ಬಾರದ ಮಕ್ಕಳ ಪಟ್ಟಿಯಿಂದ ಆರಂಭವಾಗಿ, ಪ್ರತಿ ಹೆಸರಿನ ಮುಂದೆ ಕಾರಣ, ಕೆಲಸ, ಹೊಣೆ ಹೊತ್ತವರು ಮತ್ತು ಮರುಪರಿಶೀಲನೆಯ ದಿನಾಂಕವನ್ನು ನಡಾವಳಿಯಲ್ಲಿ ದಾಖಲಿಸಿದರೆ, ಈವರೆಗೆ ಮೇಲಿನ ಕಚೇರಿಗಾಗಿ ತುಂಬುತ್ತಿದ್ದ ಅಂಕಿಯೇ ಶಾಲೆಯ ಸ್ವಂತ ಉಪಯೋಗಕ್ಕೂ ಒದಗುತ್ತದೆ.