ಕನ್ನಡ ಕರಾವಳಿಯ ಹಳೆಯ ಪಟ್ಟಣಗಳೂ ಇಂದಿನ ಪಾದಚಾರಿಗಳೂ

ಕಾರವಾರದಿಂದ ಉಳ್ಳಾಲದವರೆಗೆ ಕನ್ನಡ ನಾಡಿನ ಪಡುಗಡಲ ತೀರವು ಸುಮಾರು 300 ಕಿಲೋಮೀಟರು ಉದ್ದವಾಗಿದೆ. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ ಮುಂಬಯಿಯಿಂದ ಈ ತೀರಕ್ಕೆ ಬರುವುದು ಒಂದು ರಾತ್ರಿಯ ಪ್ರಯಾಣವಷ್ಟೇ ಆಗಿದೆ. ಬೆನ್ನಿಗೊಂದು ಚೀಲ ಹೊತ್ತು, ಅಗ್ಗದ ವಸತಿಗಳಲ್ಲಿ ತಂಗುತ್ತ, ಕಡಲಂಚಿನಲ್ಲಿ ನಡೆದು ಹೋಗುವ ತರುಣರನ್ನು ಇಂದು ಇಲ್ಲಿ ಎಲ್ಲೆಡೆಯೂ ಕಾಣಬಹುದು. ಕುಮಟೆಯಿಂದ ಗೋಕರ್ಣಕ್ಕೆ ಹೋಗುವ ಕಾಲುದಾರಿಯು ಇವರಿಗೆ ವಿಶೇಷವಾಗಿ ಪ್ರಿಯವಾದುದು. ಗುಡ್ಡವೊಂದನ್ನು ಏರಿ, ಮರಳಿಗೆ ಇಳಿದು, ಮತ್ತೆ ಗುಡ್ಡ ಏರಿ ಅಘನಾಶಿನಿಯ ಅಳಿವೆಯನ್ನು ಮುಟ್ಟುವುದು. ದೋಣಿಯಲ್ಲಿ ಅದನ್ನು ದಾಟಿ ತದಡಿಯಲ್ಲಿ ಇಳಿಯುವುದು. ಅಲ್ಲಿಂದ ಓಂ ಮತ್ತು ಕುಡ್ಲೆ ತೀರಗಳ ಮೇಲೆ ಹಾದು ಗೋಕರ್ಣವನ್ನು ಸೇರುವುದು. ಇದು ಆ ದಾರಿಯ ಕ್ರಮ.

ಈ ದಾರಿಯ ಸೊಬಗನ್ನು ಅಲ್ಲಗಳೆಯುವವರಿಲ್ಲ. ಆದರೆ ಚರಿತ್ರೆಯನ್ನು ಓದಿದವನಿಗೆ ಇಲ್ಲಿ ಒಂದು ಸಂದೇಹ ಹುಟ್ಟದೆ ಇರದು. ಮೆಣಸು ಮತ್ತು ಅಕ್ಕಿಯ ವ್ಯಾಪಾರದಿಂದ ಅರಬರಿಗೂ ಪೋರ್ಚುಗೀಸರಿಗೂ ಪರಿಚಿತವಾಗಿದ್ದ ಪಟ್ಟಣಗಳು ಈ ತೀರದಲ್ಲಿದ್ದುವಲ್ಲವೆ? ಮರಳಿನ ಮೇಲೆ ಎಷ್ಟು ದೂರ ನಡೆದರೂ ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಬೀಳುವುದಿಲ್ಲವೇಕೆ? ಅವು ಕಡಲಂಚಿನಲ್ಲಿ ಇರಲೇ ಇಲ್ಲವೆಂಬುದೇ ಇದಕ್ಕೆ ಉತ್ತರ. ಕನ್ನಡ ಕರಾವಳಿಯ ಹಳೆಯ ಪಟ್ಟಣಗಳು ಕಡಲಿನವಲ್ಲ, ನದಿಯವು. ಈ ಒಂದು ಸಂಗತಿಯನ್ನು ಅರಿಯದೆ ಕರಾವಳಿಯನ್ನು ಅರಿಯುವುದು ಸಾಧ್ಯವಿಲ್ಲ.

ಕಾರಣವನ್ನು ಮೊದಲು ನಿಸರ್ಗದಲ್ಲಿ ಹುಡುಕಬೇಕು. ಇಲ್ಲಿ ಘಟ್ಟವು ಕಡಲಿಗೆ ತೀರ ಸಮೀಪವಾಗಿದೆ. ಜೂನ್‌ನಿಂದ ಸೆಪ್ಟೆಂಬರದವರೆಗೆ ಸುರಿಯುವ ಮಳೆಯನ್ನು ಹೊತ್ತು ನದಿಗಳು ಮಣ್ಣು ಮರಳುಗಳೊಡನೆ ಧುಮುಕಿ ಬರುತ್ತವೆ. ಕಡಲಿನ ತೆರೆಗಳು ಆ ಮರಳನ್ನು ತೀರದ ಉದ್ದಕ್ಕೆ ತಳ್ಳಿ ದಿಣ್ಣೆಯಾಗಿ ಕೂಡಿಸುತ್ತವೆ. ಎದುರಿಗೆ ದಿಣ್ಣೆ ಬೆಳೆದಾಗ ನದಿಯು ನೆಟ್ಟಗೆ ಕಡಲನ್ನು ಸೇರಲಾರದೆ, ಅದರ ಬೆನ್ನಿಗೆ ತಿರುಗಿ, ತೀರಕ್ಕೆ ಸಮಾನಾಂತರವಾಗಿ ಹರಿದು, ಎಲ್ಲಿಯೋ ಒಂದು ಬಾಯಿ ಮಾಡಿಕೊಳ್ಳುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲೂ ಮತ್ತೊಂದು ಮಗ್ಗುಲಿಗೆ ಸೌಪರ್ಣಿಕಾ ನದಿಯೂ ಇರುವುದನ್ನು ಕಂಡವರಿಗೆ ಇದರ ಅರ್ಥ ಕೂಡಲೇ ಹೊಳೆಯುವುದು.

ಇಂಥ ತೀರದಲ್ಲಿ ಹಾಯಿಹಡಗಿಗೆ ತೆರೆದ ಕಡಲಂಚು ಅಪಾಯದ ಸ್ಥಳ. ದಿಣ್ಣೆಯ ಒಳಗಿನ ಅಳಿವೆಯೇ ಆಶ್ರಯ. ಭರತದ ನೀರು ದಿನಕ್ಕೆರಡು ಬಾರಿ ನದಿಯೊಳಕ್ಕೆ ಏರಿದಾಗ ಸರಕಿನ ದೋಣಿಯೂ ಅದರೊಡನೆ ಒಳನಾಡಿಗೆ ಏರುತ್ತದೆ. ಇಳಿತದಲ್ಲಿ ಹೊರಕ್ಕೆ ಬರುತ್ತದೆ. ದೋಣಿಯ ಸಾಗಾಟ ಎತ್ತಿನ ಹೇರಿಗಿಂತ ಬಹಳ ಅಗ್ಗ. ಆದುದರಿಂದ ಘಟ್ಟದಿಂದ ಇಳಿದ ಮೆಣಸನ್ನು ದೋಣಿ ತಲುಪಬಲ್ಲ ಮೇಲಿನ ತುದಿಗೇ ತಂದು ಇಳಿಸುವುದು ವರ್ತಕನಿಗೆ ಲಾಭಕರವಾಗಿತ್ತು. ಎತ್ತಿನ ಹಾದಿ ಮುಗಿದು ನೀರಿನ ಹಾದಿ ತೊಡಗುವ ಆ ಸ್ಥಳದಲ್ಲಿ ಉಗ್ರಾಣ, ಸುಂಕದ ಕಟ್ಟೆ, ಸಾಲ ಕೊಡುವವನ ಅಂಗಡಿ, ದೇವಸ್ಥಾನ, ಬಸದಿ ಇವೆಲ್ಲ ನೆರೆದು ಪಟ್ಟಣವಾಯಿತು.

ಶರಾವತಿಯು ಇದಕ್ಕೆ ಉತ್ತಮ ನಿದರ್ಶನ. ಅದರ ಅಳಿವೆಯ ಬಳಿ ಹೊನ್ನಾವರ. ಸುಮಾರು 30 ಕಿಲೋಮೀಟರು ಒಳಗೆ, ಘಟ್ಟದ ಬುಡದಲ್ಲಿ, ಗೇರುಸೊಪ್ಪೆ. ಹದಿನಾಲ್ಕನೆಯ ಶತಮಾನದ ನಡುವೆ ಬಂದ ಇಬ್ನ್ ಬತೂತನು ಹೊನ್ನಾವರವು ಹಡಗುಗಳು ಒಳಬರುವ ಅಳಿವೆಯ ಮೇಲಿದೆಯೆಂದೂ ಊರು ಕಡಲಿನಿಂದ ಅರ್ಧ ಮೈಲಿ ದೂರವೆಂದೂ ಬರೆದಿದ್ದಾನೆ. ಆ ಊರಿನಲ್ಲಿ ಬಾಲಕರಿಗೆ 23, ಬಾಲಕಿಯರಿಗೆ 13 ಪಾಠಶಾಲೆಗಳಿದ್ದುವೆಂದು ಅವನು ಎಣಿಸಿ ಹೇಳಿರುವುದು ಗಮನಾರ್ಹ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಹದಿನೇಳನೆಯ ಶತಮಾನದ ಆದಿಯಲ್ಲಿ ಆ ರಾಜ್ಯವು ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. 1623ರಲ್ಲಿ ಇಟಲಿಯ ಪಿಯೆತ್ರೊ ಡೆಲ್ಲಾ ವಾಲ್ಲೆಯು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದಾಗ, ಒಂದು ಕಾಲಕ್ಕೆ ದೊಡ್ಡದಾಗಿದ್ದ ನಗರವು ಪಾಳುಬಿದ್ದು ಮರಗಳಿಂದ ಮುಚ್ಚಿಹೋಗಿದ್ದುದನ್ನು ಕಂಡನು. ನದಿ ಹರಿಯುತ್ತಲೇ ಇತ್ತು; ಊರು ಮಾತ್ರ ಅಳಿದಿತ್ತು. ಹಳೆಯ ಬಂದರುಗಳು ಹೂಳಿನಿಂದಲೇ ಹಾಳಾದುವೆಂಬ ಸುಲಭದ ಮಾತು ಎಲ್ಲೆಡೆಗೂ ಸಲ್ಲದೆಂಬುದಕ್ಕೆ ಇದು ಸಾಕ್ಷಿ. ಇಂದು ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯು ಆ ವೈಭವವನ್ನು ನೆನಪಿಗೆ ತರುತ್ತದೆ.

ದಕ್ಷಿಣಕ್ಕೆ ಹೋದರೂ ಇದೇ ವಿನ್ಯಾಸ ಕಾಣಬರುತ್ತದೆ. ಕುಂದಾಪುರದಿಂದ ಕೆಲವೇ ಕಿಲೋಮೀಟರು ಒಳಗೆ, ವಾರಾಹಿಯ ದಂಡೆಯಲ್ಲಿ, ಬಸ್ರೂರು. ಗೋವೆಯ ಪೋರ್ಚುಗೀಸರಿಗೆ ಅಕ್ಕಿ ಒದಗಿಸುತ್ತಿದ್ದ ಈ ಪಟ್ಟಣದ ಸಿರಿಯ ಸುದ್ದಿ ಎಷ್ಟು ದೂರ ಹಬ್ಬಿತ್ತೆಂದರೆ, 1665ರಲ್ಲಿ ಶಿವಾಜಿಯು ಹಡಗುಪಡೆಯೊಡನೆ ಬಂದು ಇದನ್ನು ಸೂರೆಮಾಡಿದನು. ಸೀತಾನದಿಯ ಬಳಿಯ ಬಾರಕೂರು ಆಳುಪರಿಗೆ ರಾಜಧಾನಿಯಾಗಿಯೂ ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿಯೂ ಮೆರೆಯಿತು. ಈ ಎರಡು ಊರುಗಳ ಶಾಸನಗಳಲ್ಲಿ ಮೂಡುಕೇರಿ, ಪಡುವಕೇರಿ, ಮಣಿಗಾರಕೇರಿ ಮುಂತಾದ ಕೇರಿಗಳೂ, ಆ ಕೇರಿಗಳ 'ಹಲರು' ಎಂಬ ವರ್ತಕ ಸಮೂಹಗಳೂ ಮತ್ತೆ ಮತ್ತೆ ಬರುತ್ತವೆ. ದೇವಾಲಯಕ್ಕೆ ಬಿಟ್ಟ ದತ್ತಿಗೆ ಸಾಕ್ಷಿಯಾಗಿ, ಅದರ ಪಾಲನೆಗೆ ಹೊಣೆಯಾಗಿ ಹಲರು ನಿಲ್ಲುತ್ತಿದ್ದರು. ಊರಿನ ವಿಶ್ವಾಸವೆಂಬ ಬಂಡವಾಳವನ್ನು ಕಾಯ್ದ ಸಂಸ್ಥೆಯೇ ಅದು.

ಗೋಕರ್ಣದಲ್ಲಿ ಮಾತ್ರ ಪಟ್ಟಣವೂ ಮರಳೂ ಒಂದನ್ನೊಂದು ತಾಗಿಕೊಂಡಿವೆಯಲ್ಲ ಎಂದು ಕೇಳಬಹುದು. ಗೋಕರ್ಣವು ಬೆಳೆದುದು ಬಂದರಾಗಿ ಅಲ್ಲ, ಕ್ಷೇತ್ರವಾಗಿ. ಕಡಲಸ್ನಾನ ಮಾಡಿ ಮಹಾಬಲೇಶ್ವರನ ದರ್ಶನ ಪಡೆಯುವ ಯಾತ್ರಿಕನಿಗೆ ಕಡಲಂಚೇ ಬೇಕು. ಸರಕಿಳಿಸುವವನಿಗೆ ಅಳಿವೆ ಬೇಕು. ಆ ಸೀಮೆಯ ವ್ಯಾಪಾರ ಅಘನಾಶಿನಿಯ ಮೇಲೆ ನಡೆಯುತ್ತಿತ್ತು. ಅದನ್ನು ಕಾಯಲು ಕಟ್ಟಿದ ಮಿರ್ಜಾನಿನ ಕೋಟೆಯ ಕೆಂಪುಕಲ್ಲಿನ ಗೋಡೆಗಳು ಇಂದಿಗೂ ನಿಂತಿವೆ.

ಈ ಊರುಗಳು ದೃಷ್ಟಿಯಿಂದ ಮರೆಯಾದುದಕ್ಕೆ ಅರಸುಕುಲಗಳ ಪತನವಲ್ಲದೆ ಇನ್ನೊಂದು ಕಾರಣವೂ ಉಂಟು. ಹಳೆಯ ಹಾದಿಗಳು ನದಿಯನ್ನು ಹಿಡಿದು ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿದ್ದುವು. ಇಂದಿನ ಹೆದ್ದಾರಿಯೂ ರೈಲೂ ನದಿಗಳನ್ನು ಕತ್ತರಿಸಿ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತವೆ. ಕಡವಿನಲ್ಲಿ ದೋಣಿಗಾಗಿ ಕಾದು ಕುಳಿತ ಕಾಲದಲ್ಲಿ ನದಿಯೊಂದು ತಂಗುವ ತಾಣವಾಗಿತ್ತು; ಸೇತುವೆಯಾದ ಮೇಲೆ ಅದು ಕಿಟಕಿಯ ನೋಟವಾಯಿತು. ಸುಮಾರು ಎರಡು ಕಿಲೋಮೀಟರು ಉದ್ದದ ಶರಾವತಿಯ ರೈಲು ಸೇತುವೆಯನ್ನು ಗಾಡಿ ಕೆಲವು ನಿಮಿಷಗಳಲ್ಲಿ ದಾಟಿಬಿಡುತ್ತದೆ. ಹಡಗಿನ ಕಥೆಯೂ ಹಾಗೆಯೇ. ಹನ್ನೆರಡನೆಯ ಶತಮಾನದಲ್ಲಿ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವು ಹಲವು ವರ್ಷ ನೆಲಸಿದ್ದ ಮಂಗಳೂರಿಗೆ ನೇತ್ರಾವತಿ, ಗುರುಪುರ ನದಿಗಳ ಅಳಿವೆಯೇ ಬಂದರಾಗಿತ್ತು. 1974ರಲ್ಲಿ ಕಾರ್ಯಾರಂಭ ಮಾಡಿದ ನವಮಂಗಳೂರು ಬಂದರು ಅಳಿವೆಯನ್ನು ಬಿಟ್ಟು ಪಣಂಬೂರಿನಲ್ಲಿ ತೋಡಿ ಮಾಡಿದುದು. ಹೂಳೆತ್ತುವ ಯಂತ್ರವಿದ್ದವನಿಗೆ ನದಿಯ ಆಸರೆ ಬೇಕಿಲ್ಲ.

ಹೀಗೆ ಬರಿದಾದ ಕಡಲಂಚಿಗೆ ಈಗ ಹೊಸ ಬೆಲೆ ಬಂದಿದೆ. ಕಾಸರಕೋಡು ಮತ್ತು ಪಡುಬಿದ್ರಿ ತೀರಗಳು 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆ ಪಡೆದುವು. ಇದು ಸಂತೋಷದ ವಿಷಯವೇ. ಆದರೆ ಜನ ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಹಣ ಹೋಗುತ್ತದೆ. ಹಣ ಹೋದಲ್ಲಿಗೆ ಕಾಳಜಿಯೂ ಹೋಗುತ್ತದೆ. ಯಾರೂ ಕಾಣದ ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಲು ಬಹುಕಾಲ ಬೇಕಾಗಿಲ್ಲ.

ಬೆನ್ನಿಗೆ ಚೀಲ ಹೊತ್ತ ಪಯಣಿಗನಿಂದ ಈ ಕೊರತೆ ಸ್ವಲ್ಪಮಟ್ಟಿಗಾದರೂ ನೀಗಬಹುದು. ವಾಹನವನ್ನು ನೆಚ್ಚಿದವನು ಹೆದ್ದಾರಿಗೆ ಬದ್ಧ. ಕಾಲನ್ನು ನೆಚ್ಚಿದವನು ಸ್ವತಂತ್ರ. ಮಳೆ ಹಿಂದೆಗೆದ ಮೇಲೆ, ನವೆಂಬರದಿಂದ ಫೆಬ್ರವರಿಯವರೆಗೆ, ಎರಡು ದಿನ ಮರಳಿನ ಮೇಲೆ ನಡೆದವನು ಮೂರನೆಯ ದಿನ ನದಿಯ ದಂಡೆ ಹಿಡಿದು ಒಳಕ್ಕೆ ತಿರುಗಿದರೆ ಸಾಕು. ಕುಂದಾಪುರದಿಂದ ಬಸ್ರೂರು ಬೆಳಗಿನ ನಡಿಗೆಯಷ್ಟೇ ದೂರ. ಬ್ರಹ್ಮಾವರದಿಂದ ಬಾರಕೂರೂ ಅಷ್ಟೇ. ಹೊನ್ನಾವರದಿಂದ ಗೇರುಸೊಪ್ಪೆಯ ದಾರಿಯನ್ನು ಎರಡು ದಿನಗಳಲ್ಲಿ ನಿಧಾನವಾಗಿ ನಡೆಯಬಹುದು.

ಮುಂಬಯಿಯ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿಯ ಆಡಳಿತಕ್ಕೇ ಸೇರಿತ್ತು. ಈ ನಗರದ ಕಟ್ಟಡಗಳ ಬಾಗಿಲ ಫಲಕಗಳ ಮೇಲೆ ಬಸ್ರೂರ, ಹೊನ್ನಾವರ, ಭಟ್ಕಳ, ಉಳ್ಳಾಲ ಎಂಬ ಅಡ್ಡಹೆಸರುಗಳು ಇಂದಿಗೂ ಕಾಣುತ್ತವೆ. ಇವೆಲ್ಲ ನದೀಮುಖದ ಊರುಗಳೇ. ಹೆಸರನ್ನು ಹೊತ್ತು ಬಂದ ಮನೆತನಗಳ ಮಕ್ಕಳು ರಜೆಗೆ ಊರ ಕಡೆ ಹೋದಾಗ ಕಡಲನ್ನು ಕಂಡು ಹಿಂದಿರುಗುತ್ತಾರೆ. ಹೆಸರಿನ ಊರನ್ನು ಕಾಣುವುದಿಲ್ಲ. ಆ ಊರಿನ ದಾರಿ ಇನ್ನೂ ಮುಚ್ಚಿಲ್ಲ. ಅಳಿವೆಯಲ್ಲಿ ನಿಂತು ಬೆನ್ನನ್ನು ಕಡಲಿಗೆ ಮಾಡಿ ಪೂರ್ವಕ್ಕೆ ನಡೆಯಬೇಕು, ಅಷ್ಟೆ.