ಮಳೆ ವಾಸನೆಯಿಂದ ಮಣ್ಣಿನ ಹುಳದವರೆಗೆ

ಬಿಸಿಲಿಗೆ ಬೆಂದ ಲಕ್ಕೂರಿನ ಹೊಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುತ್ತಲ್ಲ ಮಣ್ಣಿನ ವಾಸನೆ, ಅದರ ಹಿಂದೆ ಇರೋದು ಜಿಯೋಸ್ಮಿನ್ ಎಂಬ ರಾಸಾಯನಿಕ. ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಅದನ್ನು ತಯಾರಿಸುತ್ತದೆ. 2009ರಲ್ಲಿ ಬೆಂಗಳೂರಿನ ಸೃಷ್ಟಿ ಕಲೆ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳು ಅದೇ ವಾಸನೆಯನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಬರಿಸಲು ಹೊರಟರು. ತಂಡದ ಹೆಸರು ಆರ್ಟ್‌ಸೈನ್ಸ್ ಬೆಂಗಳೂರು. ವೇದಿಕೆ, ಐಜೆಮ್ ಎಂಬ ಅಂತರರಾಷ್ಟ್ರೀಯ ಸಿಂಥೆಟಿಕ್ ಬಯಾಲಜಿ ಸ್ಪರ್ಧೆ.

2010ರಲ್ಲಿ ಈ ತಂಡ ಒಂದೇ ಕೋಶದ ಬ್ಯಾಕ್ಟೀರಿಯಾ ಬಿಟ್ಟು, ಬಹುಕೋಶ ಜೀವಿಯತ್ತ ತಿರುಗಿತು. ಆರಿಸಿಕೊಂಡದ್ದು ಸಿ. ಎಲಿಗನ್ಸ್ ಎಂಬ ಹುಳ. ಉದ್ದ ಒಂದು ಮಿಲಿಮೀಟರ್. ಬೆಳೆದ ಹುಳದ ದೇಹದಲ್ಲಿ 959 ಕೋಶ, ಅದರಲ್ಲಿ 302 ನರಕೋಶ.

ವ್ಯತ್ಯಾಸ ಏನು ಅಂತೀರಾ? ಬ್ಯಾಕ್ಟೀರಿಯಾಕ್ಕೆ ಜೀನ್ ಸೇರಿಸಿದರೆ ಆ ಒಂದು ಕೋಶವೇ ಇಡೀ ಜೀವಿ. ಹುಳದಲ್ಲಿ ಹಾಗಲ್ಲ. ಜೀನ್ ಕರುಳಿನಲ್ಲಿ ಕೆಲಸ ಮಾಡಬೇಕೋ, ನರದಲ್ಲೋ? ಮರಿಯಾಗಿದ್ದಾಗಲೋ, ಬೆಳೆದ ಮೇಲೋ? ಅದನ್ನು ತೀರ್ಮಾನಿಸೋಕೆ ಜೀನಿನ ಮುಂದೆ ಪ್ರೊಮೋಟರ್ ಎಂಬ ಸ್ವಿಚ್ಚನ್ನು ಜೋಡಿಸಬೇಕು. ಸಾಮಾನ್ಯವಾಗಿ ಡಿಎನ್‌ಎಯನ್ನು ತೀರಾ ಸಣ್ಣ ಸೂಜಿಯಿಂದ ತಾಯಿ ಹುಳದ ಅಂಡಾಶಯಕ್ಕೆ ಚುಚ್ಚುತ್ತಾರೆ. ಬದಲಾವಣೆ ಕಾಣೋದು ಮರಿಗಳಲ್ಲಿ.

ಇನ್ನೊಂದು ವಿಷಯ: ಈ ಹುಳ ಹರಿದಾಡುತ್ತದೆ, ಮೂರು-ನಾಲ್ಕು ದಿನಕ್ಕೊಂದು ಪೀಳಿಗೆ ಹುಟ್ಟಿಸುತ್ತದೆ. ಇದು ಬ್ಯಾಕ್ಟೀರಿಯಾ ತಿಂದು ಬದುಕುವ ಹುಳ, ಬೆಳೆಗೆ ಹಾನಿ ಮಾಡಲ್ಲ. ಆದರೆ ಟೊಮೆಟೊ ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಇದರ ದಾಯಾದಿ. ಮಣ್ಣಿನೊಳಗೆ ಇಂಥ ಜೀವಿ ಹೊಕ್ಕರೆ ಹುಡುಕಿ ತೆಗೆಯೋದು ಎಷ್ಟು ಕಷ್ಟ ಅಂತ ಮಾಲೂರು ಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಇಂಥ ಕೆಲಸ ಪ್ರಯೋಗಾಲಯದ ಮುಚ್ಚಿದ ತಟ್ಟೆಯೊಳಗೇ ನಡೆಯುತ್ತದೆ. ಒಪ್ಪಿಗೆ ಇಲ್ಲದೆ ಕುಲಾಂತರಿ ಜೀವಿಯನ್ನು ಹೊರಗೆ ಬಿಡಬಾರದು ಎಂಬುದು ನಮ್ಮ ದೇಶದ 1989ರ ನಿಯಮ.

ಅದೇ 2010ರ ಫೆಬ್ರುವರಿಯಲ್ಲಿ ಬಿಟಿ ಬದನೆ ಬಗ್ಗೆ ಬೆಂಗಳೂರಿನಲ್ಲಿ ಸಾರ್ವಜನಿಕ ಸಭೆ ನಡೆಯಿತು. ಕೆಲವೇ ದಿನಗಳಲ್ಲಿ ಕೇಂದ್ರ ಸಚಿವ ಜೈರಾಮ್ ರಮೇಶ್ ಅದಕ್ಕೆ ತಡೆ ಹಾಕಿದರು. ರೈತರ ಮಾತು ಅಲ್ಲಿ ಕೇಳಿಬಂದದ್ದು ಬೀಜ ಸಿದ್ಧವಾದ ಮೇಲೆ. ವಿದ್ಯಾರ್ಥಿಗಳ ಕೆಲಸ ಆಗಿನ್ನೂ ತಟ್ಟೆಯೊಳಗಿತ್ತು. ಮಾತಾಡೋಕೆ ಅಂಥದ್ದೇ ಸರಿಯಾದ ಹೊತ್ತು. ಲ್ಯಾಬಿನವರು ಹೊಲಕ್ಕೆ ಬರಲಿ, ಹೊಲದವರೂ ಒಮ್ಮೆ ಲ್ಯಾಬ್ ನೋಡಲಿ.