ಕಂಪನಿ ಕೊಡೋ ಪಿಎಫ್: ಹನ್ನೆರಡು ಪರ್ಸೆಂಟ್ ಸರಿ, ಯಾವುದರ ಮೇಲೆ?

ಮನೆಯವರ ಸಂಬಳ ಎಷ್ಟು ಅಂತ ಕೇಳಿದರೆ ನಮ್ಮಲ್ಲಿ ಎಷ್ಟೋ ಗೃಹಿಣಿಯರು ಕೈಗೆ ಬರುವ ಮೊತ್ತವನ್ನು ಥಟ್ಟನೆ ಹೇಳುತ್ತಾರೆ. ಹಾಲಿಗೆಷ್ಟು, ಮಕ್ಕಳ ಫೀಸಿಗೆಷ್ಟು, ಸಂಘದ ಕಂತಿಗೆಷ್ಟು ಅನ್ನೋದೆಲ್ಲ ಬಾಯಿಪಾಠ. ಆದರೆ 'ಯಜಮಾನರ ಪಿಎಫ್‌ಗೆ ಕಂಪನಿಯವರು ಎಷ್ಟು ಹಾಕ್ತಾರೆ?' ಅಂತ ಕೇಳಿ ನೋಡಿ. 'ಅದೇನೋ ಕಟ್ ಆಗುತ್ತೆ ಕಣ್ರೀ' ಅನ್ನೋದೇ ಉತ್ತರ!

ಕಟ್ ಆಗೋದು ನಿಮ್ಮವರ ದುಡ್ಡು. ಕಂಪನಿ ತನ್ನ ಕೈಯಿಂದ ಹಾಕೋದು ಬೇರೆ. ಕೆಲಸ ಒಳ್ಳೇದೋ ಅಲ್ಲವೋ ಅಂತ ಅಳೆಯುವಾಗ ನೋಡಬೇಕಾದದ್ದು ಈ ಎರಡನೆಯದನ್ನು. ಅಮೆರಿಕದಲ್ಲಿ ಮಗ, ಸೊಸೆ ಇರುವವರು 'ಮ್ಯಾಚಿಂಗ್' ಅನ್ನೋ ಮಾತು ಕೇಳಿರುತ್ತೀರಿ. ಅಲ್ಲಿ ಎಷ್ಟು ಮ್ಯಾಚ್ ಮಾಡಬೇಕು, ಮಾಡಬೇಕೋ ಬೇಡವೋ ಅನ್ನೋದು ಕಂಪನಿಯ ಇಷ್ಟ. ನಮ್ಮಲ್ಲಿ ಹಾಗಲ್ಲ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಪಿಎಫ್ ಕಡ್ಡಾಯ. ನೌಕರರದ್ದು 12 ಪರ್ಸೆಂಟ್, ಮಾಲೀಕರದ್ದೂ 12 ಪರ್ಸೆಂಟ್. ಹೊಳಲ್ಕೆರೆಯಲ್ಲಿ ಮೂರ್ನಾಲ್ಕು ಜನ ಇರೋ ಬಟ್ಟೆ ಅಂಗಡಿಗೆ ಇದು ಅನ್ವಯಿಸೋಲ್ಲ. ಚಿತ್ರದುರ್ಗದ ದೊಡ್ಡ ನರ್ಸಿಂಗ್ ಹೋಮ್‌ಗೋ, ಹೊಸದುರ್ಗದ ಖಾಸಗಿ ಶಾಲೆಗೋ ಇಪ್ಪತ್ತು ಜನ ಇದ್ದರೆ ಅನ್ವಯಿಸುತ್ತೆ.

ಎಲ್ಲರೂ 12 ಕೊಡ್ತಾರೆ ಅಂದಮೇಲೆ ಎಲ್ಲಾ ಕಂಪನಿಯೂ ಒಂದೇ ಅಲ್ವಾ? ಅಲ್ಲ! ಹನ್ನೆರಡು ಪರ್ಸೆಂಟ್ ಯಾವುದರ ಮೇಲೆ ಅನ್ನೋದೇ ಇಲ್ಲಿರುವ ಗುಟ್ಟು.

ಈ ಲೆಕ್ಕ ಪೂರ್ತಿ ಸಂಬಳದ ಮೇಲಲ್ಲ. ಬೇಸಿಕ್ ಮತ್ತು ಡಿಎ ಮೇಲೆ. ಅದರಲ್ಲೂ 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿಯ ಮಿತಿ ಇದೆ. ಬೇಸಿಕ್ ಅದಕ್ಕಿಂತ ಎಷ್ಟೇ ಜಾಸ್ತಿ ಇರಲಿ, 15,000ಕ್ಕೆ 12 ಪರ್ಸೆಂಟ್, ಅಂದರೆ ತಿಂಗಳಿಗೆ 1,800 ಕಟ್ಟಿದರೂ ಕಾನೂನಿನ ಪ್ರಕಾರ ತಪ್ಪಿಲ್ಲ. ಧಾರಾಳಿ ಕಂಪನಿಗಳು ಪೂರ್ತಿ ಬೇಸಿಕ್ ಮೇಲೆ ಕಟ್ಟುತ್ತವೆ.

ನಿಮ್ಮವರ ಬೇಸಿಕ್ 30,000 ಅಂದುಕೊಳ್ಳಿ. ಒಂದು ಕಂಪನಿ 1,800 ಹಾಕುತ್ತೆ, ಇನ್ನೊಂದು 3,600 ಹಾಕುತ್ತೆ. ತಿಂಗಳಿಗೆ 1,800ರ ವ್ಯತ್ಯಾಸ. 'ಅಷ್ಟೇ ತಾನೆ' ಅಂದುಬಿಡಬೇಡಿ. 2024-25ರಲ್ಲಿ ಪಿಎಫ್ ಬಡ್ಡಿ 8.25 ಪರ್ಸೆಂಟ್ ಇತ್ತು. ಅದೇ ಬಡ್ಡಿ ಮುಂದುವರಿದರೆ ಈ 1,800 ಇಪ್ಪತ್ತು ವರ್ಷಕ್ಕೆ ಹತ್ತು ಲಕ್ಷ ದಾಟುತ್ತೆ! ಹಿರಿಯೂರಿನ ವಾಣಿವಿಲಾಸ ಸಾಗರ 1930ರ ದಶಕದಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳೋಕೆ 2022 ಬರಬೇಕಾಯ್ತು. ಪುಣ್ಯಕ್ಕೆ ಪಿಎಫ್ ತುಂಬೋಕೆ ಮಳೆ ಕಾಯಬೇಕಾಗಿಲ್ಲ, ತಿಂಗಳು ತಿಂಗಳು ಬೀಳ್ತಾ ಇದ್ದರೆ ಸಾಕು.

ಇನ್ನೂ ಒಂದು ವಿಷಯ. ಕಂಪನಿಯ ಪಾಲು ಪೂರ್ತಿ ಪಿಎಫ್ ಖಾತೆಗೆ ಹೋಗೋದಿಲ್ಲ. ಅದರಲ್ಲಿ 8.33 ಪರ್ಸೆಂಟ್, ಹೆಚ್ಚೆಂದರೆ ತಿಂಗಳಿಗೆ 1,250 ರೂಪಾಯಿ, ಪಿಂಚಣಿ ಯೋಜನೆಗೆ ಹೋಗುತ್ತೆ. 1,800 ಕಟ್ಟುವ ಕಂಪನಿಯಲ್ಲಿ ಪಿಎಫ್‌ಗೆ ಬೀಳೋದು ಬರೀ 550. ಪಾಸ್‌ಬುಕ್ ನೋಡಿ 'ನಮ್ಮದು 1,800, ಅವರದ್ದು 550 ಮಾತ್ರ' ಅಂತ ಎಷ್ಟೋ ಜನ ಗಾಬರಿಯಾಗ್ತಾರೆ. ಮೋಸ ಅಲ್ಲ, ಉಳಿದದ್ದು ಪಿಂಚಣಿಯ ಕಾಲಂನಲ್ಲಿ ಇರುತ್ತೆ. (2014ರ ಸೆಪ್ಟೆಂಬರ್ ನಂತರ ಮೊದಲ ಸಲ ಪಿಎಫ್‌ಗೆ ಸೇರಿದವರ ಬೇಸಿಕ್ ಆಗಲೇ 15,000 ದಾಟಿದ್ದರೆ ಅವರಿಗೆ ಈ ಪಿಂಚಣಿ ಇಲ್ಲ, ಪೂರ್ತಿ ಪಾಲು ಪಿಎಫ್‌ಗೇ.)

ಆ ಪಿಂಚಣಿ ಎಷ್ಟು ಬರುತ್ತೆ? 15,000 ಮಿತಿಯಲ್ಲಿ 15 ವರ್ಷ ದುಡಿದವರಿಗೆ 58 ತುಂಬಿದ ಮೇಲೆ ತಿಂಗಳಿಗೆ ಸುಮಾರು 3,214. ಮನೆ ನಡೆಸೋಕೆ ಸಾಲೋದಿಲ್ಲ ಬಿಡಿ. ಆದರೆ ಹತ್ತು ವರ್ಷ ಸೇವೆ ಇಲ್ಲದಿದ್ದರೆ ಅದೂ ಇಲ್ಲ. ಕೆಲಸ ಬಿಟ್ಟಾಗಲೆಲ್ಲ ದುಡ್ಡು ತೆಗೆದುಬಿಡುವ ಅಭ್ಯಾಸ ಇಲ್ಲೇ ಹೊಡೆತ ಕೊಡೋದು. ಹಳೇ ಕೆಲಸದ ಪಿಎಫ್ ಅನ್ನು ಅದೇ ಯುಎಎನ್ ನಂಬರಿನಲ್ಲಿ ಹೊಸ ಕೆಲಸಕ್ಕೆ ವರ್ಗಾಯಿಸಿಕೊಳ್ಳೋದು ಜಾಣತನ.

ಈಗ 'ಪ್ಯಾಕೇಜ್' ವಿಷಯಕ್ಕೆ ಬರೋಣ. ಮಗನಿಗೆ ಎರಡು ಕಡೆ ಕೆಲಸ ಸಿಕ್ಕಿದೆ ಅಂದುಕೊಳ್ಳಿ. ಚಿತ್ರದುರ್ಗದಲ್ಲಿ ಸಂಬಳ 25,000, ಅದರ ಮೇಲೆ ಮಾಲೀಕರ ಪಿಎಫ್ 1,800 ಬೇರೆ. ಬೆಂಗಳೂರಿನಲ್ಲಿ ಪ್ಯಾಕೇಜ್ 28,000, ಆದರೆ ಮಾಲೀಕರ 1,800 ಆ 28,000ದ ಒಳಗೇ! ಮಗನ ಪಾಲೂ ಕಳೆದರೆ ಬೆಂಗಳೂರಿನಲ್ಲಿ ಕೈಗೆ 24,400, ಇಲ್ಲಿ 23,200. ಮೂರು ಸಾವಿರ ಜಾಸ್ತಿ ಅಂತ ಕಂಡದ್ದು 1,200ಕ್ಕೆ ಇಳೀತು. ಅದರಲ್ಲಿ ಪಿಜಿ ಬಾಡಿಗೆ ಕೊಟ್ಟು ನೋಡಿ! ಕೆಲವರು ಗ್ರಾಚ್ಯುಟಿಯನ್ನೂ ಪ್ಯಾಕೇಜಿಗೇ ಸೇರಿಸಿ ತೋರಿಸ್ತಾರೆ. ಆಫರ್ ಲೆಟರ್ ಬಂದಾಗ 'ಪಿಎಫ್ ಇದರ ಒಳಗೋ, ಹೊರಗೋ?' ಅಂತ ಕೇಳೋಕೆ ಸಂಕೋಚ ಬೇಡ.

ಪ್ಯಾಕೇಜಿನಲ್ಲಿ ಮೊದಲೇ ಸೇರಿಸಿ ಹೇಳೋದು ಒಂದು ಥರ. ಗೊತ್ತುಮಾಡಿದ ಸಂಬಳದಿಂದಲೇ ಎರಡೂ ಪಾಲು ಮುರಿದುಕೊಳ್ಳೋದು ಇನ್ನೊಂದು ಥರ. ಖಾಸಗಿ ಶಾಲೆಗಳಲ್ಲಿ ಪಾಠ ಹೇಳುವ ಹೆಣ್ಣುಮಕ್ಕಳ ಬಾಯಲ್ಲಿ ಈ ದೂರು ಕೇಳಿಬರುತ್ತೆ. ಮಾಲೀಕರ ಪಾಲನ್ನು ನೌಕರರ ಸಂಬಳದಿಂದ ಕತ್ತರಿಸುವಂತಿಲ್ಲ ಅಂತ ಕಾನೂನು ಸ್ಪಷ್ಟವಾಗಿ ಹೇಳುತ್ತೆ.

ಬೇಸಿಕ್ ಅನ್ನೇ ಚಿಕ್ಕದು ಮಾಡೋದು ಮತ್ತೊಂದು ಉಪಾಯ. ಸಂಬಳ 18,000, ಬೇಸಿಕ್ 6,000, ಉಳಿದದ್ದೆಲ್ಲ 'ಅಲೋವೆನ್ಸ್' ಅಂತ ತೋರಿಸಿದರೆ ಪಿಎಫ್ 720 ಮಾತ್ರ. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಎಲ್ಲರಿಗೂ ಒಂದೇ ಥರ ಕೊಡುವ ಅಲೋವೆನ್ಸನ್ನೂ ಪಿಎಫ್ ಲೆಕ್ಕಕ್ಕೆ ಸೇರಿಸಬೇಕು ಅಂತ ಹೇಳಿತು. ಆ ತೀರ್ಪು ಪಶ್ಚಿಮ ಬಂಗಾಳದ ಒಂದು ಖಾಸಗಿ ಶಾಲೆಯ ಹೆಸರಿನಲ್ಲೇ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಒಟ್ಟು ಸಂಬಳದಲ್ಲಿ ಅರ್ಧದಷ್ಟಾದರೂ 'ವೇತನ' ಅಂತ ಲೆಕ್ಕವಾಗಬೇಕು. ಪೇ ಸ್ಲಿಪ್ಪಿನಲ್ಲಿ ಬೇಸಿಕ್ ಕಾಲುಭಾಗ ಮಾತ್ರ ಇದ್ದರೆ ಆಫೀಸಿನಲ್ಲಿ ವಿಚಾರಿಸಲು ಹೇಳಿ.

ಕಂಪನಿಯ ಪಾಲಿನ ಬೆಲೆ ಏನು ಅಂತ ಚೆನ್ನಾಗಿ ಅರಿತವರು ಯಾರು ಗೊತ್ತೇ? ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಅಂತ 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಕಾರ್ಮಿಕರು ರಸ್ತೆಗಿಳಿದರು, ಅವರಲ್ಲಿ ಹೆಚ್ಚಿನವರು ಹೆಂಗಸರು. ಎರಡನೇ ದಿನವೇ ಸರ್ಕಾರ ನಿಯಮ ವಾಪಸ್ ತಗೊಂಡಿತು. ಮಗಳ ಮದುವೆಗೆ, ಕೈಸಾಲ ತೀರಿಸೋಕೆ ಅವರಿಗಿದ್ದ ಗಂಟು ಅದೊಂದೇ. ಮುಟ್ಟಬೇಡಿ ಅಂದರೆ ಸುಮ್ಮನಿರ್ತಾರಾ?

ಕಂಪನಿ ಹೇಳಿದ್ದು ಖಾತೆಗೆ ಬಿದ್ದಿದೆಯಾ ಅಂತ ನೋಡೋದು ಮನೆಯಲ್ಲಿ ಕೂತೇ ಆಗುತ್ತೆ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಯಜಮಾನರ ನೋಂದಾಯಿತ ಮೊಬೈಲಿನಿಂದ 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಬ್ಯಾಲೆನ್ಸ್ ಮೆಸೇಜ್ ಬರುತ್ತೆ. ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ಕೇ ಸಿಗುತ್ತೆ. ಸಂಬಳದಲ್ಲಿ ಮುರಿದು ಖಾತೆಗೆ ಕಟ್ಟದೇ ಇದ್ದರೆ ಅದು ಅಪರಾಧ. ಪ್ರತಿ ತಿಂಗಳ 27ರಂದು ಪಿಎಫ್ ಇಲಾಖೆ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಶಿಬಿರ ನಡೆಸುತ್ತೆ, ಪೇ ಸ್ಲಿಪ್ ಹಿಡಿದು ಅಲ್ಲಿಗೂ ಹೋಗಬಹುದು.

ಕಂಪನಿ ಕಟ್ಟುವ ಇನ್ನೊಂದು ಅರ್ಧ ಪರ್ಸೆಂಟ್ ಯಾರ ಕಣ್ಣಿಗೂ ಬೀಳೋಲ್ಲ. ಅದು ವಿಮೆಗೆ. ಕೆಲಸದಲ್ಲಿರುವಾಗಲೇ ನೌಕರ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ಸಿಗುತ್ತೆ. ಒಂದು ವರ್ಷ ಸತತ ಸೇವೆ ಆಗಿದ್ದರೆ ಕಡಿಮೆ ಅಂದರೂ ಎರಡೂವರೆ ಲಕ್ಷ. ಪಿಂಚಣಿ ಯೋಜನೆಗೆ ಒಂದೇ ತಿಂಗಳು ಕಟ್ಟಿದ್ದರೂ ಹೆಂಡತಿಗೆ ವಿಧವಾ ಪಿಂಚಣಿ ಉಂಟು. ಇಂಥ ಮಾತು ಆಡಬಾರದು ಅಂತ ಅತ್ತೆಯವರು ಗದರಬಹುದು, ಆದರೂ ನಾಮಿನಿ ಯಾರು ಅಂತ ಇವತ್ತೇ ಕೇಳಿ. ಮದುವೆಗೆ ಮೊದಲು ತಾಯಿಯ ಹೆಸರು ಬರೆಸಿದ್ದರೆ ಮದುವೆಯಾದ ಕೂಡಲೇ ಆ ನಾಮಿನೇಷನ್ ರದ್ದು. ಹೊಸದಾಗಿ ಬರೆಸಬೇಕು, ಈಗ ಆಧಾರ್ ಮೂಲಕ ಆನ್‌ಲೈನ್‌ನಲ್ಲೇ ಆಗುತ್ತೆ.